ಮನೆಯಂಗಳದಲ್ಲಿ ಪೂಲ್ ಇಡ್ತೀರಾ? ಮೊದಲು ಪರವಾನಗಿ, ಬೇಲಿ, ಏಣಿ ನೋಡಿಕೊಳ್ಳಿ

ಯುಗಾದಿ ಕಳೆದು ದಾವಣಗೆರೆ ಬಿಸಿಲು 38, 39 ಡಿಗ್ರಿ ಮುಟ್ಟುವ ಹೊತ್ತಿಗೆ ಮಕ್ಕಳಿಗೆ ರಜೆ ಸಿಕ್ಕಿರುತ್ತದೆ. ಆನ್‌ಲೈನ್‌ನಲ್ಲಿ ಒಂದು ಪೂಲ್ ತರಿಸಿಬಿಡೋಣ ಅನ್ನುವ ಮಾತು ಆಗಲೇ ಶುರುವಾಗುತ್ತದೆ. ನೆಲ ಅಗೆಯಬೇಕಿಲ್ಲ, ಸಿಮೆಂಟ್ ಬೇಡ, ಟೈಲ್ಸ್ ಬೇಡ. ಡಬ್ಬಿ ಬಿಚ್ಚಿ, ಪೈಪು ಜೋಡಿಸಿ, ನೀರು ಬಿಟ್ಟರೆ ಸಂಜೆಗೆ ಮಕ್ಕಳು ನೀರಲ್ಲಿ. ಅಮೆರಿಕದಲ್ಲಿರುವ ಮಗನ ಮನೆಗೋ ಮಗಳ ಮನೆಗೋ ಹೋಗಿ ಬಂದವರು ಅಲ್ಲಿನ ಹಿತ್ತಲಲ್ಲಿ ಇಂಥದ್ದನ್ನು ನೋಡಿರುತ್ತಾರೆ. ಆದರೆ ಅಲ್ಲಿ ಪೂಲ್ ಸುತ್ತ ಇರುವ ಬೇಲಿ, ತಾನಾಗಿ ಮುಚ್ಚುವ ಗೇಟು, ಬೀಗ ಹಾಕಿದ ಏಣಿ ಮಾತ್ರ ಫೋಟೋದಲ್ಲಿ ಕಾಣುವುದಿಲ್ಲ. ಹಾಗಾಗಿ ಪೂಲ್ ಇಲ್ಲಿಗೆ ಬರುತ್ತದೆ, ಬೇಲಿ ಅಲ್ಲೇ ಉಳಿಯುತ್ತದೆ.

ಇಲ್ಲಿ ಹೇಳುತ್ತಿರುವುದು ನೆಲದ ಮೇಲೆ ನಿಲ್ಲುವ ಪೂಲ್ ಬಗ್ಗೆ ಮಾತ್ರ. ಇವುಗಳಲ್ಲಿ ಮುಖ್ಯವಾಗಿ ಎರಡು ಬಗೆ. ಒಂದು, ಮೇಲಿನ ಅಂಚಿನಲ್ಲಿ ಗಾಳಿ ತುಂಬಿದ ಉಂಗುರ ಇರುವುದು. ನೀರು ಏರಿದ ಹಾಗೆ ಉಂಗುರವೂ ಏರುತ್ತದೆ. ಇನ್ನೊಂದು, ಕಬ್ಬಿಣದ ಪೈಪಿನ ಚೌಕಟ್ಟು ಇರುವ, ಮೂರು ನಾಲ್ಕು ಅಡಿ ಎತ್ತರದ್ದು. ಮಕ್ಕಳು ಕೂತು ಆಡುವ ಚಿಕ್ಕ ಟಬ್‌ಗೆ ಈ ಲೆಕ್ಕಾಚಾರ ಪೂರ್ತಿ ಬೇಡ. ಆದರೆ ಸಣ್ಣ ಮಗು ಮುಳುಗುವುದಕ್ಕೆ ಕೆಲವೇ ಇಂಚು ನೀರು ಸಾಕು. ಬಚ್ಚಲ ಬಕೆಟ್ಟೂ ಸಾಕು. ಟಬ್ ಅಂತ ಕಡೆಗಣಿಸಬೇಡಿ. ಆಟ ಮುಗಿದ ತಕ್ಷಣ ಕವುಚಿ ಹಾಕಿ.

ಪಾಲಿಕೆಗೆ ಹೋಗಬೇಕಾ?

ಮಡಚಿ ಅಟ್ಟಕ್ಕೆ ಹಾಕಬಹುದಾದ ಪೂಲನ್ನು ನಮ್ಮಲ್ಲಿ ಯಾರೂ ಕಟ್ಟಡ ಅಂತ ನೋಡುವುದಿಲ್ಲ. ಪ್ರಶ್ನೆ ಏಳುವುದು ನೀವು ಅದರ ಜೊತೆಗೆ ಏನನ್ನಾದರೂ ಕಟ್ಟಿದಾಗ. ಪೂಲ್ ಸುತ್ತ ಇಟ್ಟಿಗೆ ಗೋಡೆ, ಕಾಂಕ್ರೀಟ್ ಕಟ್ಟೆ, ಹತ್ತಿ ನಿಲ್ಲುವುದಕ್ಕೆ ಕಬ್ಬಿಣದ ಡೆಕ್, ಮೇಲೆ ಶೀಟ್ ಚಾವಣಿ, ಪಂಪಿಗೊಂದು ಸಣ್ಣ ಕೋಣೆ, ಇವೆಲ್ಲ ನಕ್ಷೆಗೆ ಬರುವ ವಸ್ತುಗಳು. ದಾವಣಗೆರೆ 2007ರಿಂದ ಮಹಾನಗರ ಪಾಲಿಕೆ. ಇಲ್ಲಿ ಕಟ್ಟಡ ಪರವಾನಗಿ ನಡೆಯುವುದು 1976ರ ಕರ್ನಾಟಕ ಮಹಾನಗರ ಪಾಲಿಕೆಗಳ ಕಾಯ್ದೆಯ ಪ್ರಕಾರ. ಹೊಸ ಬಡಾವಣೆಯಾದರೆ ದೂಡಾದಲ್ಲೂ, ಅಂದರೆ ದಾವಣಗೆರೆ-ಹರಿಹರ ನಗರಾಭಿವೃದ್ಧಿ ಪ್ರಾಧಿಕಾರದಲ್ಲೂ ವಿಚಾರಿಸಬೇಕು. ಊರಾಚೆ ಮನೆಯಾದರೆ ಗ್ರಾಮ ಪಂಚಾಯಿತಿ.

ಇಲ್ಲಿ ಜನ ಎಡವುವುದು ಸೆಟ್‌ಬ್ಯಾಕ್‌ನಲ್ಲಿ. ಮನೆ ಕಟ್ಟುವಾಗ ಮುಂದೆ, ಹಿಂದೆ, ಅಕ್ಕಪಕ್ಕ ಇಷ್ಟಿಷ್ಟು ಜಾಗ ಬಿಡುತ್ತೇವೆ ಅಂತ ನಕ್ಷೆಯಲ್ಲಿ ತೋರಿಸಿರುತ್ತೀರಿ. 30×40 ಸೈಟಿನಲ್ಲಿ ಪೂಲ್ ಇಡುವುದಕ್ಕೆ ಉಳಿಯುವುದೇ ಆ ಜಾಗ. ಬೇಸಿಗೆಗೆ ಅಲ್ಲೊಂದು ಮಡಚುವ ಪೂಲ್ ಇಟ್ಟು ಮಳೆಗಾಲಕ್ಕೆ ತೆಗೆದರೆ ಯಾರೂ ಕೇಳುವುದಿಲ್ಲ. ಅದೇ ಜಾಗದಲ್ಲಿ ಕಟ್ಟೆ ಕಟ್ಟಿದರೆ ಅದು ನಕ್ಷೆ ಮೀರಿದ ನಿರ್ಮಾಣ. ಪಕ್ಕದ ಮನೆಯವರ ಒಂದು ಅರ್ಜಿ ಸಾಕು, ನೋಟಿಸು ಬರುತ್ತದೆ. ನನ್ನ ಸಲಹೆ ಇಷ್ಟೇ. ಏನಾದರೂ ಶಾಶ್ವತವಾಗಿ ಕಟ್ಟುವುದಿದ್ದರೆ ಮೊದಲು ಒಂದು ಕೈ ನಕ್ಷೆ ಬರೆದು, ಪೂಲ್‌ನ ಅಳತೆ, ಕಾಂಪೌಂಡಿನಿಂದ ದೂರ, ಮನೆ ಗೋಡೆಯಿಂದ ದೂರ ಎಲ್ಲ ಹಾಕಿ, ಪಾಲಿಕೆಯ ನಗರ ಯೋಜನೆ ವಿಭಾಗಕ್ಕೆ ಒಂದು ಪತ್ರ ಕೊಟ್ಟು ಸೀಲ್ ಹಾಕಿದ ಸ್ವೀಕೃತಿ ಇಟ್ಟುಕೊಳ್ಳಿ. ಕೌಂಟರಿನಲ್ಲಿ ಬಾಯಿ ಮಾತಿನಲ್ಲಿ "ಮಾಡ್ಕಳ್ರಿ, ಏನಾಗಲ್ಲ" ಅಂದದ್ದು ನಾಳೆ ಯಾವ ಫೈಲಿನಲ್ಲೂ ಸಿಗುವುದಿಲ್ಲ.

ಬಾಡಿಗೆ ಮನೆಯಾದರೆ ಮಾಲೀಕರ ಒಪ್ಪಿಗೆ ಬರಹದಲ್ಲಿರಲಿ. ಅಪಾರ್ಟ್‌ಮೆಂಟ್ ಆದರೆ ಟೆರೇಸು ನಿಮ್ಮ ಸ್ವಂತದ್ದಲ್ಲ, ಎಲ್ಲರ ಪಾಲಿನದು. ಸಂಘದ ಒಪ್ಪಿಗೆ ಇಲ್ಲದೆ ಅಲ್ಲಿ ಏನೂ ಇಡುವಂತಿಲ್ಲ.

ನೀರಿನದು ಇನ್ನೊಂದು ಕಥೆ. ದಾವಣಗೆರೆಗೆ ಕುಡಿಯುವ ನೀರು ಬರುವುದು ರಾಜನಹಳ್ಳಿ ಹತ್ತಿರ ತುಂಗಭದ್ರೆಯಿಂದ, ಮತ್ತೆ ಭದ್ರಾ ನಾಲೆ ತುಂಬಿಸುವ ಕುಂದವಾಡ ಕೆರೆ, ಟಿ.ವಿ. ಸ್ಟೇಷನ್ ಕೆರೆಯಿಂದ. ಚಿತ್ರದುರ್ಗಕ್ಕೆ ಸೂಳೆಕೆರೆ ಮತ್ತು ವಾಣಿವಿಲಾಸ ಸಾಗರದ ನೀರು. ನಾಲೆ ನಿಂತು, ಹೊಳೆ ಸೊರಗಿದ ಏಪ್ರಿಲ್‌ನಲ್ಲೇ ನಮಗೆ ಪೂಲ್ ನೆನಪಾಗುವುದು, ಅಲ್ವಾ? 2024ರ ಮಾರ್ಚ್‌ನಲ್ಲಿ ಬೆಂಗಳೂರು ಜಲಮಂಡಳಿ ಈಜುಕೊಳಕ್ಕೆ ಕುಡಿಯುವ ನೀರು ಬಳಸಿದರೆ 5000 ರೂಪಾಯಿ ದಂಡ ಅಂತ ಆದೇಶ ಹೊರಡಿಸಿತ್ತು. ಅದು ಬೆಂಗಳೂರಿನದು, ನಿಜ. ಆದರೆ ಬರ ಬಂದ ವರ್ಷ ಯಾವ ಊರಿನಲ್ಲಾದರೂ ಅಂಥ ಆದೇಶ ಬರಬಹುದು. ಬೀದಿಯಲ್ಲಿ ಕೊಡ ಹಿಡಿದು ನಿಂತವರ ಮುಂದೆ ನೀವು ಪೂಲ್ ತುಂಬಿಸುತ್ತಿದ್ದರೆ ಕಾನೂನಿಗಿಂತ ಮೊದಲು ಬೀದಿಯವರೇ ಮಾತಾಡುತ್ತಾರೆ. ಪೂಲ್‌ಗಾಗಿ ಹೊಸ ಬೋರ್ ಕೊರೆಸುವ ಯೋಚನೆ ಇದ್ದರೆ, ಅಧಿಸೂಚಿತ ತಾಲ್ಲೂಕುಗಳಲ್ಲಿ ಅದಕ್ಕೆ 2011ರ ಅಂತರ್ಜಲ ಕಾಯ್ದೆಯಡಿ ಮೊದಲೇ ಅನುಮತಿ ಬೇಕು.

ಪೂಲ್ ಕೊಳ್ಳುವ ಮೊದಲು ನೀರಿನ ಲೆಕ್ಕ ಹಾಕಿ. 10 ಅಡಿ ಅಗಲದ ದುಂಡು ಪೂಲಿನಲ್ಲಿ 2 ಅಡಿ ನೀರು ನಿಲ್ಲಿಸಿದರೆ ಸುಮಾರು 4400 ಲೀಟರ್. 15 ಅಡಿ ಅಗಲ, ಮೂರೂವರೆ ಅಡಿ ನೀರಾದರೆ 17,500 ಲೀಟರ್ ಹತ್ತಿರ. ಅಂದರೆ 6000 ಲೀಟರಿನ ಮೂರು ಟ್ಯಾಂಕರ್. ಪ್ಯಾಕಿನ ಮೇಲೆ ನಗುವ ಮಕ್ಕಳ ಚಿತ್ರ ದೊಡ್ಡದಾಗಿ ಇರುತ್ತದೆ, ಲೀಟರ್ ಲೆಕ್ಕ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ. ಆ ಮೂಲೆಯನ್ನೇ ಮೊದಲು ಓದಿ.

ಬೇಲಿಯ ಅಳತೆ ಎಲ್ಲಿಂದ ತರುವುದು?

ನಿಮ್ಮ ಮನೆ ಪೂಲಿಗೆ ಬೇಲಿ ಇದೆಯೋ ಇಲ್ಲವೋ ಅಂತ ನೋಡಲು ನಮ್ಮೂರಲ್ಲಿ ಯಾವ ಇನ್‌ಸ್ಪೆಕ್ಟರೂ ಗೇಟು ತಟ್ಟುವುದಿಲ್ಲ. ಅದಕ್ಕೇ ಅಳತೆಯನ್ನು ನಾವೇ ಹಿಡಿದುಕೊಳ್ಳಬೇಕು. ಹೊಸದಾಗಿ ಕಂಡುಹಿಡಿಯುವ ಕಷ್ಟ ಏನಿಲ್ಲ. ಈ ಪೂಲ್‌ಗಳು ಮನೆಮನೆಯಲ್ಲೂ ಇರುವ ದೇಶಗಳು ಮಕ್ಕಳನ್ನು ಕಳಕೊಂಡು ಕಲಿತ ಅಳತೆಗಳು ಸಿದ್ಧ ಇವೆ.

ಅಮೆರಿಕದ ಮಾದರಿ ವಸತಿ ಕಟ್ಟಡ ಸಂಹಿತೆಯಲ್ಲಿ 24 ಇಂಚಿಗಿಂತ ಕಡಿಮೆ ಆಳದ ರೆಡಿಮೇಡ್ ಪೂಲಿಗೆ ಪರವಾನಗಿ ಬೇಡ. 24 ಇಂಚು ಮುಟ್ಟಿದರೆ ಬೇಕು. ಅಲ್ಲಿನ ನಗರಗಳು, ಕೌಂಟಿಗಳು ಇದನ್ನು ತಮಗೆ ಬೇಕಾದಂತೆ ಬಿಗಿ ಮಾಡಿಕೊಳ್ಳುತ್ತವೆ. ಹಾಗಾಗಿ ಅಲ್ಲಿರುವ ನಿಮ್ಮ ಮಗ ಪೂಲ್ ಇಡುವುದಾದರೆ ಅವನ ಊರಿನ ಕಚೇರಿಯಲ್ಲೇ ಕೇಳಬೇಕು. ಆಸ್ಟ್ರೇಲಿಯಾ ಇನ್ನೂ ಬಿಗಿ. 30 ಸೆಂಟಿಮೀಟರಿಗಿಂತ ಜಾಸ್ತಿ ನೀರು ಹಿಡಿಯುವ ಯಾವ ಪೂಲ್ ಆದರೂ, ಮಡಚುವುದಾದರೂ, ಬೇಲಿ ಕಡ್ಡಾಯ.

ಬೇಲಿಯ ಎತ್ತರ ಅಮೆರಿಕದಲ್ಲಿ ಕನಿಷ್ಠ 48 ಇಂಚು, ಅಂದರೆ 4 ಅಡಿ. ಆಸ್ಟ್ರೇಲಿಯಾದಲ್ಲಿ 120 ಸೆಂ.ಮೀ., ಹೆಚ್ಚು ಕಡಿಮೆ ಅಷ್ಟೇ. ಎತ್ತರವನ್ನು ಹೊರಗಡೆಯಿಂದ, ಮಗು ನಿಲ್ಲುವ ಕಡೆಯಿಂದ ಅಳೆಯಬೇಕು. ಕಂಬಿ ಕಂಬಿ ನಡುವೆ 4 ಇಂಚಿನ ಚೆಂಡು ತೂರಬಾರದು. ಮನೆಯಲ್ಲಿ 10 ಸೆಂ.ಮೀ. ಅಗಲದ ಚೊಂಬು ಇದ್ದರೆ ಅದನ್ನೇ ಹಿಡಿದು ಬೇಲಿ ಉದ್ದಕ್ಕೂ ನೋಡುತ್ತಾ ಹೋಗಿ, ಎಲ್ಲೂ ತೂರದಿದ್ದರೆ ಸರಿ. ಬೇಲಿಯ ಕೆಳಗೆ ಮಣ್ಣು ನೆಲವಾದರೆ 2 ಇಂಚಿಗಿಂತ ಜಾಸ್ತಿ ಸಂದು ಬಿಡಬೇಡಿ. ಮಣ್ಣು ಸವೆಯುತ್ತದೆ, ನಾಯಿ ಕೆರೆಯುತ್ತದೆ, ಸಂದು ದೊಡ್ಡದಾಗುತ್ತಲೇ ಹೋಗುತ್ತದೆ. ಕೆಳಗೆ ಕಾಂಕ್ರೀಟ್ ಇದ್ದರೆ 4 ಇಂಚಿನವರೆಗೂ ನಡೆಯುತ್ತದೆ.

ಈಗ ವೆಲ್ಡಿಂಗ್ ಶಾಪಿನ ಮಾತು. ನಮ್ಮ ವೆಲ್ಡರುಗಳಿಗೆ ಡಿಸೈನ್ ಮೇಲೆ ಪ್ರೀತಿ ಜಾಸ್ತಿ. ಸೂರ್ಯ, ಬಳ್ಳಿ, ನವಿಲು, ನಡುವೆ ಎರಡು ಅಡ್ಡ ಪಟ್ಟಿ. ನೋಡಲು ಚೆಂದ, ಆದರೆ ಮೂರು ವರ್ಷದ ಮಗುವಿಗೆ ಅದು ಸಲೀಸಾದ ಮೆಟ್ಟಿಲು. ಅಡ್ಡ ಪಟ್ಟಿ ಮೇಲೊಂದು ಕೆಳಗೊಂದು ಮಾತ್ರ ಇರಲಿ, ಅವೆರಡರ ನಡುವೆ ಕನಿಷ್ಠ 45 ಇಂಚು ಅಂತರ ಇರಲಿ, ಉಳಿದದ್ದೆಲ್ಲ ನೆಟ್ಟಗೆ ನಿಂತ ಕಂಬಿ ಅಂತ ಖಂಡಿತವಾಗಿ ಹೇಳಿ. ಡಿಸೈನ್ ಇಲ್ಲದ್ದಕ್ಕೆ ಅವರಿಗೆ ಸ್ವಲ್ಪ ಬೇಜಾರಾಗಬಹುದು, ಆಗಲಿ. ಚೈನ್‌ಲಿಂಕ್ ಜಾಲರಿ ಹಾಕಿಸುವುದಾದರೆ ಕಣ್ಣು ಒಂದೂ ಮುಕ್ಕಾಲು ಇಂಚು ದಾಟಬಾರದು. ತೋಟಕ್ಕೆ ಸುತ್ತುವ ಮೆಶ್‌ನ ಕಣ್ಣು ಇದಕ್ಕಿಂತ ದೊಡ್ಡದು, ಮಗುವಿನ ಕಾಲು ಆರಾಮಾಗಿ ಕೂರುತ್ತದೆ.

ಗೇಟು ಪೂಲ್ ಕಡೆಗೆ ತೆರೆಯಬಾರದು, ಹೊರಗಡೆಗೆ ತೆರೆಯಬೇಕು. ಹಾಗಿದ್ದರೆ ಚಿಲಕ ಸರಿಯಾಗಿ ಬೀಳದೇ ಇದ್ದರೂ ಮಗು ತಳ್ಳಿದಾಗ ಮುಚ್ಚಿಕೊಳ್ಳುತ್ತದೆಯೇ ಹೊರತು ತೆರೆದುಕೊಳ್ಳುವುದಿಲ್ಲ. ಕೈ ಬಿಟ್ಟರೆ ತಾನೇ ಮುಚ್ಚಬೇಕು, ಮುಚ್ಚಿದರೆ ತಾನೇ ಚಿಲಕ ಬೀಳಬೇಕು. ಸ್ಪ್ರಿಂಗ್ ಕೀಲು ಹಾಕಿದರೆ ಇದು ದೊಡ್ಡ ಖರ್ಚಿನ ಕೆಲಸ ಅಲ್ಲ. ಚಿಲಕದ ಎತ್ತರ ನೆಲದಿಂದ ಕನಿಷ್ಠ 54 ಇಂಚು, ಅಂದರೆ ನಾಲ್ಕೂವರೆ ಅಡಿ. ಅದಕ್ಕಿಂತ ಕೆಳಗಿದ್ದರೆ ಚಿಲಕ ಪೂಲ್ ಕಡೆಯ ಮುಖದಲ್ಲಿ, ಗೇಟಿನ ಮೇಲಂಚಿನಿಂದ 3 ಇಂಚಾದರೂ ಕೆಳಗೆ ಇರಬೇಕು, ಅದರ ಸುತ್ತ ಬೆರಳು ತೂರುವ ಸಂದು ಇರಬಾರದು. ಬೇಲಿಗೆ 3 ಅಡಿ ಹತ್ತಿರದಲ್ಲಿ ಕುರ್ಚಿ, ಹೂಕುಂಡ, ತೆಂಗಿನಕಾಯಿ ರಾಶಿ, ಸ್ಕೂಟರ್ ಏನೂ ಬೇಡ. ಪೂಲಿನ ಪಂಪು ಫಿಲ್ಟರ್ ಕೂಡ ಅಷ್ಟೇ. ಹತ್ತಿ ನಿಲ್ಲುವಂಥದ್ದು ಯಾವುದಿದ್ದರೂ 4 ಅಡಿ ಬೇಲಿ 2 ಅಡಿ ಬೇಲಿಯಾಗಿಬಿಡುತ್ತದೆ.

"ನಮ್ಮದು 5 ಅಡಿ ಕಾಂಪೌಂಡ್ ಇದೆ, ಬೇರೆ ಬೇಲಿ ಯಾಕೆ?" ಅಂತ ಕೇಳುವವರು ಬಹಳ. ಕಾಂಪೌಂಡ್ ತಡೆಯುವುದು ಪಕ್ಕದ ಮನೆ ಮಗುವನ್ನು. ನಿಮ್ಮ ಮಗು ಬರುವುದು ಅಡುಗೆಮನೆ ಹಿಂದಿನ ಬಾಗಿಲಿನಿಂದ. ಬೇರೆ ಬೇರೆ ದೇಶಗಳಲ್ಲಿ ನಡೆದ ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ಕಂಡದ್ದೂ ಇದೇ. ಮನೆಯನ್ನೂ ಪೂಲನ್ನೂ ಒಟ್ಟಿಗೆ ಸುತ್ತುವ ಬೇಲಿಗಿಂತ, ಪೂಲನ್ನು ಮಾತ್ರ ನಾಲ್ಕೂ ಕಡೆ ಸುತ್ತುವ ಬೇಲಿಯೇ ಮಕ್ಕಳನ್ನು ಹೆಚ್ಚು ಕಾಪಾಡಿದೆ. ಜಾಗ ಇಲ್ಲ, ಮನೆ ಗೋಡೆಯೇ ಒಂದು ಬದಿಯ ಬೇಲಿ ಅನ್ನುವ ಸ್ಥಿತಿ ಇದ್ದರೆ ಆ ಕಡೆ ತೆರೆಯುವ ಪ್ರತಿ ಬಾಗಿಲಿಗೂ ಅಲಾರಂ ಹಾಕಿ. ನಮ್ಮ ಹಳೇ ಮನೆ ಬಾಗಿಲುಗಳಿಗೆ ಮೇಲ್ಗಡೆ ಒಂದು ಬೋಲ್ಟು ಇದ್ದೇ ಇರುತ್ತದೆ. ಬೇಸಿಗೆ ಮುಗಿಯುವವರೆಗೆ ಅದನ್ನು ಹಾಕುವ ಅಭ್ಯಾಸ ಮನೆಯವರೆಲ್ಲರಿಗೂ ಆಗಲಿ, ಅಜ್ಜಿಗೂ ಕೆಲಸದವರಿಗೂ ಸೇರಿಸಿ. ಬೀದಿ ಗೇಟನ್ನೂ ಒಮ್ಮೆ ನೋಡಿಬಿಡಿ. ಅಡ್ಡ ಪಟ್ಟಿಯ ಗೇಟು, ಸಂದಿನಲ್ಲಿ ಕೈ ಹಾಕಿದರೆ ತೆಗೆಯುವ ಚಿಲಕ ಇದ್ದರೆ ಪಕ್ಕದ ಮನೆ ಮಗುವನ್ನೂ ಅದು ತಡೆಯುವುದಿಲ್ಲ. ಆ ಮಗುವಿಗೆ ಏನಾದರೂ ಆದರೆ ನಿರ್ಲಕ್ಷ್ಯದಿಂದಾದ ಸಾವು ಅಂತ ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಂ ಅಡಿ ಪ್ರಕರಣ ದಾಖಲಾಗಬಹುದು, ಐದು ವರ್ಷದವರೆಗೆ ಶಿಕ್ಷೆ ಇದೆ.

ಬೇಲಿಯ ನಿಯಮ ನಮಗೆ ಪೂರ್ತಿ ಹೊಸದೇನೂ ಅಲ್ಲ. ಸರ್ಕಾರದ ಕೃಷಿ ಭಾಗ್ಯ ಯೋಜನೆಯಲ್ಲಿ ಕೃಷಿ ಹೊಂಡದ ಸುತ್ತ ತಂತಿ ಬೇಲಿಗೂ ಸಹಾಯಧನ ಇದೆ. ಪ್ಲಾಸ್ಟಿಕ್ ಹಾಸಿದ ಹೊಂಡದಲ್ಲಿ ಕಾಲು ಜಾರಿದರೆ ದೊಡ್ಡವರೂ ಮೇಲೆ ಬರುವುದು ಕಷ್ಟ ಅಂತ ರೈತರಿಗೆ ಚೆನ್ನಾಗಿ ಗೊತ್ತು. ಹೊಲದ ಹೊಂಡಕ್ಕೆ ಬೇಲಿ ಹಾಕಿಸಿ, ಮನೆ ಮುಂದಿನ ಪೂಲನ್ನು ಬಯಲಿಗೆ ಬಿಡುವುದು ಯಾವ ನ್ಯಾಯ?

ಏಣಿಯೇ ಗೇಟು

ನೆಲದ ಮೇಲಿನ ಪೂಲಿಗೆ ಒಂದು ರಿಯಾಯಿತಿ ಇದೆ. ಪೂಲಿನ ಗೋಡೆಯೇ ಸುತ್ತಲೂ 48 ಇಂಚು ಎತ್ತರ ಇದ್ದು, ಗಟ್ಟಿಯಾಗಿದ್ದು, ಹತ್ತಲು ಹಿಡಿತ ಇಲ್ಲದಿದ್ದರೆ ಆ ಗೋಡೆಯನ್ನೇ ಬೇಲಿ ಅಂತ ಅಮೆರಿಕದ ನಿಯಮ ಒಪ್ಪುತ್ತದೆ. ಷರತ್ತು ಒಂದೇ. ಏಣಿಯನ್ನು ತೆಗೆದಿಡುವಂತಿರಬೇಕು, ಇಲ್ಲ ಮೇಲಕ್ಕೆ ಮಡಚಿ ಬೀಗ ಹಾಕುವಂತಿರಬೇಕು. ಬೀಗ ಹಾಕಿದ ಮೇಲೂ 4 ಇಂಚಿನ ಚೆಂಡು ತೂರುವ ಸಂದು ಉಳಿಯಬಾರದು. ಗೋಡೆ 3 ಅಡಿ ಮಾತ್ರ ಇದ್ದರೆ ಅದರ ಅಂಚಿನ ಮೇಲೆ ಕಂಬಿ ಬೇಲಿ ಕೂರಿಸಿ 4 ಅಡಿ ಮಾಡಬಹುದು, ಅಂಚಿಗೂ ಕಂಬಿಗೂ ನಡುವೆ 4 ಇಂಚಿಗಿಂತ ಜಾಸ್ತಿ ಸಂದು ಇರಬಾರದು.

ಆದರೆ ಮಡಚುವ ಪೂಲುಗಳಿಗೆ ಈ ರಿಯಾಯಿತಿ ಅಷ್ಟು ಸುಲಭವಾಗಿ ಸಿಗುವುದಿಲ್ಲ. ಗಾಳಿ ತುಂಬಿದ ಉಂಗುರದ ಪೂಲಿನಲ್ಲಿ ಮಗು ಅಂಚಿನ ಮೇಲೆ ಒರಗಿ ಬಗ್ಗಿದರೆ ಅಂಚು ಒಳಗೆ ಬಾಗುತ್ತದೆ, ಮಗು ತಲೆ ಕೆಳಗಾಗಿ ಬೀಳುತ್ತದೆ. ನೀರಲ್ಲಿ ತೇಲುವ ಆಟಿಕೆ ಹಿಡಿಯಲು ಹೋಗಿ ಹೀಗಾಗುವುದು ಸಾಮಾನ್ಯ. ಐದು ವರ್ಷದ ಒಳಗಿನ ಮಗು ಇರುವ ಮನೆಗೆ ಈ ಉಂಗುರದ ಪೂಲ್ ಬೇಡ ಅನ್ನುವುದು ನನ್ನ ಖಚಿತ ಅಭಿಪ್ರಾಯ. ಅಮೆರಿಕದಲ್ಲಿ 2001ರಿಂದ 2009ರವರೆಗೆ ಇಂಥ ಸಾಗಿಸಬಹುದಾದ ಪೂಲುಗಳಲ್ಲೇ 12 ವರ್ಷದ ಒಳಗಿನ 209 ಮಕ್ಕಳು ಸತ್ತರು ಅಂತ ಮಕ್ಕಳ ವೈದ್ಯರ ಪತ್ರಿಕೆಯೊಂದರಲ್ಲಿ 2011ರಲ್ಲಿ ಬಂದ ಅಧ್ಯಯನ ಹೇಳಿತು. ಪೂಲ್ ಅಗ್ಗ, ಬೇಲಿ ದುಬಾರಿ. ಅಲ್ಲೂ ಜನ ಪೂಲ್ ಮಾತ್ರ ಕೊಂಡರು.

ಚೌಕಟ್ಟಿನ ಪೂಲ್ ಈಗಾಗಲೇ ಇರುವವರು ಒಂದು ಕೆಲಸ ಇವತ್ತೇ ಮಾಡಿ. ಹೊರಗೆ ಹೋಗಿ ಪೂಲಿನ ಕಾಲುಗಳನ್ನು ನೋಡಿ. ಕೆಲವು ಮಾದರಿಗಳಲ್ಲಿ ಅರ್ಧ ಎತ್ತರದಲ್ಲಿ ಒಂದು ದಪ್ಪ ಪಟ್ಟಿ ಎಲ್ಲ ಕಾಲುಗಳ ಹೊರಗಡೆಯಿಂದ ಪೂಲನ್ನು ಸುತ್ತಿರುತ್ತದೆ. ಚೌಕಟ್ಟು ಹೊರಕ್ಕೆ ಬಾಗದಿರಲಿ ಅಂತ ಹಾಕಿದ್ದು. ಆದರೆ ಪಟ್ಟಿ ಮತ್ತು ಗೋಡೆ ನಡುವೆ ಉಳಿಯುವ ಸಂದು ಪುಟ್ಟ ಕಾಲಿಗೆ ಮೆಟ್ಟಿಲಾಗುತ್ತದೆ. ಏಣಿ ತೆಗೆದಿಟ್ಟಿದ್ದರೂ ಮಗು ಅದನ್ನೇ ಹತ್ತುತ್ತದೆ. 2025ರ ಜುಲೈನಲ್ಲಿ ಅಮೆರಿಕದ ಗ್ರಾಹಕ ಸುರಕ್ಷತಾ ಆಯೋಗ ಇದೇ ಕಾರಣಕ್ಕೆ ಬೆಸ್ಟ್‌ವೇ, ಇಂಟೆಕ್ಸ್, ಪಾಲಿಗ್ರೂಪ್ ಕಂಪನಿಗಳ ಸುಮಾರು 50 ಲಕ್ಷ ಪೂಲುಗಳ ರೀಕಾಲ್ ಪ್ರಕಟಿಸಿತು. 48 ಇಂಚು ಮತ್ತು ಅದಕ್ಕಿಂತ ಎತ್ತರದ್ದು. 22 ತಿಂಗಳಿಂದ 3 ವರ್ಷದ ಒಂಬತ್ತು ಮಕ್ಕಳು ಹಾಗೆ ಹತ್ತಿ ಬಿದ್ದು ಸತ್ತಿರಬಹುದು ಅಂತ ಆಯೋಗದ ಲೆಕ್ಕ. ಪೂಲ್ ವಾಪಸ್ ತಗೊಳ್ಳುವುದಿಲ್ಲ, ಪಟ್ಟಿಯ ಬದಲು ಪ್ರತಿ ಕಾಲಿಗೂ ಬೇರೆಯಾಗಿ ಸುತ್ತುವ ಹಗ್ಗದ ಕಿಟ್ ಕೊಡುತ್ತಾರೆ. ಇಲ್ಲಿ ಕೊಂಡವರು ಮಾರಿದವರಿಗೆ ಮಾದರಿ ಸಂಖ್ಯೆ ಬರೆದು ಕೇಳಿ. ಪರಿಹಾರ ಸಿಗುವ ತನಕ ಪಟ್ಟಿಯನ್ನು ನೀವೇ ಕತ್ತರಿಸಬೇಡಿ, ನೀರು ತುಂಬಿದ ಪೂಲ್ ಒಡೆದೀತು. ನೀರು ಖಾಲಿ ಮಾಡಿ, ಇಲ್ಲ ಮಗು ಅತ್ತ ಹೋಗದಂತೆ ಬೇಲಿ ಹಾಕಿ.

ಏಣಿ ತೆಗೆದ ಮೇಲೆ ಎಲ್ಲಿಡುತ್ತೀರಿ ಅನ್ನುವುದೂ ಮುಖ್ಯ. ಪೂಲಿಗೇ ಒರಗಿಸಿ ಇಟ್ಟರೆ ತೆಗೆದ ಹಾಗಲ್ಲ. ಮನೆಯೊಳಗೆ ಬರಲಿ. ಕೊನೆಗೆ ನೀರಿನಿಂದ ಎದ್ದ ದೊಡ್ಡವರ ಕೆಲಸ ಅದು, ಮಕ್ಕಳಿಗೆ ಹೇಳುವ ಕೆಲಸ ಅಲ್ಲ. ಆಟಿಕೆಗಳನ್ನೂ ನೀರಲ್ಲಿ ಬಿಡಬೇಡಿ, ಮಗುವನ್ನು ಮತ್ತೆ ಕರೆಯುವುದು ಅವೇ.

ಟೆರೇಸಿನ ಆಸೆ

ಅಂಗಳ ಇಲ್ಲ, ಮಾಳಿಗೆ ಮೇಲೆ ಇಡೋಣ ಅನ್ನುವವರಿಗೆ ನನ್ನ ಉತ್ತರ ಬೇಡ ಅಂತಲೇ. ಲೆಕ್ಕ ನೋಡಿ. ಒಂದು ಚದರ ಮೀಟರ್ ಜಾಗದಲ್ಲಿ ಒಂದು ಮೀಟರ್ ನೀರು ನಿಂತರೆ 1000 ಕೆ.ಜಿ. 2 ಅಡಿ ನೀರೂ 600 ಕೆ.ಜಿ. ಆಗುತ್ತದೆ. ಭಾರತೀಯ ಮಾನಕ ಐಎಸ್ 875ರ ಎರಡನೇ ಭಾಗದಲ್ಲಿ, ಜನ ಓಡಾಡುವ ಸಪಾಟು ಚಾವಣಿಗೆ ವಿನ್ಯಾಸದಲ್ಲಿ ಹಿಡಿಯುವ ಭಾರ ಚದರ ಮೀಟರಿಗೆ 1.5 ಕಿಲೋನ್ಯೂಟನ್, ಅಂದರೆ ಸುಮಾರು 150 ಕೆ.ಜಿ. ನೀವು ಇಡುವುದು ಅದರ ನಾಲ್ಕು ಪಟ್ಟು. ಮೇಲೆ ಕುಣಿಯುವ ಮಕ್ಕಳ ಭಾರ ಬೇರೆ. "1000 ಲೀಟರಿನ ಟ್ಯಾಂಕ್ ಇಟ್ಟಿಲ್ವಾ?" ಅಂತ ಕೇಳುತ್ತಾರೆ. ಟ್ಯಾಂಕನ್ನು ಮೇಸ್ತ್ರಿ ತೊಲೆ, ಕಂಬಗಳ ಮೇಲೆ ಭಾರ ಬೀಳುವಂತೆ ಗೋಡೆ ಕಟ್ಟಿ ಕೂರಿಸಿರುತ್ತಾನೆ. ಪೂಲ್ ಕೂರುವುದು ಸ್ಲ್ಯಾಬಿನ ನಟ್ಟನಡುವೆ, ಅದೂ ನಾಲ್ಕು ಟ್ಯಾಂಕಿನಷ್ಟು ನೀರು. ಇಡಲೇಬೇಕು ಅಂದರೆ ಸ್ಟ್ರಕ್ಚರಲ್ ಎಂಜಿನಿಯರ್ ಬಂದು ನೋಡಿ ಸಹಿ ಹಾಕಿಕೊಡಬೇಕು. ಮೇಸ್ತ್ರಿಯ ಮಾತು ಸಾಲದು.

ಭಾರಕ್ಕಿಂತ ಜನ ಮರೆಯುವ ಇನ್ನೊಂದು ವಿಷಯ ಪ್ಯಾರಾಪೆಟ್. ರಾಷ್ಟ್ರೀಯ ಕಟ್ಟಡ ಸಂಹಿತೆ ಅದು ಕನಿಷ್ಠ 1 ಮೀಟರ್ ಇರಬೇಕು ಅನ್ನುತ್ತದೆ. ಅದರ ಪಕ್ಕದಲ್ಲೇ ಎರಡೂವರೆ ಅಡಿ ಪೂಲ್ ಇಟ್ಟರೆ, ಪೂಲಿನ ಅಂಚಿನ ಮೇಲೆ ನಿಂತ ಹುಡುಗನಿಗೆ ಆ ಗೋಡೆ ಮೊಣಕಾಲಿಗಿಂತ ಕೆಳಗೆ. ನೀರಿಗೆ ಬೀಳುವುದು ಒಂದು ಕಡೆ, ಬೀದಿಗೆ ಬೀಳುವುದು ಇನ್ನೊಂದು ಕಡೆ.

ನೆಲ, ಕರೆಂಟು, ಸೊಳ್ಳೆ

ದಾವಣಗೆರೆ ಸುತ್ತ ಎರೆ ನೆಲ ಜಾಸ್ತಿ. ಮಳೆಗೆ ಉಬ್ಬುತ್ತದೆ, ಬಿಸಿಲಿಗೆ ಬಿರಿಯುತ್ತದೆ. ಅದರ ಮೇಲೆ ನೇರವಾಗಿ ಪೂಲ್ ಇಟ್ಟರೆ ಒಂದು ಬದಿ ಕುಸಿದು ನೀರೆಲ್ಲ ಅತ್ತ ವಾಲುತ್ತದೆ, ಆ ಬದಿಯ ಕಾಲು ಬಾಗುತ್ತದೆ. ಎತ್ತರದ ಕಡೆ ಕೆರೆದು ಮಟ್ಟ ಮಾಡಿ, ತಗ್ಗಿಗೆ ಸಡಿಲ ಮಣ್ಣು ತುಂಬಿ ಮಟ್ಟ ಮಾಡಬೇಡಿ. ಮೇಲೆ ಕ್ವಾರಿ ಡಸ್ಟ್ ಹಾಕಿ ದಮ್ಮಸು ಮಾಡಿ, ಟಾರ್ಪಾಲ್ ಹಾಸಿ. ಚಿತ್ರದುರ್ಗದ ಕಡೆ ಕಲ್ಲು ನೆಲ, ಚೂಪು ಕಲ್ಲು ಆರಿಸಿ ತೆಗೆಯಿರಿ. ಅಲ್ಲಿ ಗಾಳಿಯದೂ ತೊಂದರೆ. ಜೋಗಿಮಟ್ಟಿಯ ಗಾಳಿಯಂತ್ರ ತಿರುಗಿಸುವ ಗಾಳಿಗೆ ಖಾಲಿ ಪೂಲ್ ಯಾವ ಲೆಕ್ಕ?

ಪಂಪಿನ ಪ್ಲಗ್ಗಿಗೆ 30 ಮಿಲಿಆಂಪಿಯರ್ ಆರ್‌ಸಿಸಿಬಿ, ಅಂದರೆ ಕರೆಂಟು ಸೋರಿದರೆ ತಟ್ಟನೆ ಕಡಿಯುವ ಸ್ವಿಚ್ ಇರಲೇಬೇಕು, ಅರ್ಥಿಂಗ್ ಸರಿಯಿರಬೇಕು. ಎಕ್ಸ್‌ಟೆನ್ಷನ್ ಬಾಕ್ಸನ್ನು ಒದ್ದೆ ನೆಲದ ಮೇಲೆ ಇಟ್ಟು ಓಡಿಸಬೇಡಿ. ಮಕ್ಕಳು ನೀರಲ್ಲಿರುವಾಗ ಪಂಪು ಆಫ್ ಮಾಡಿಬಿಡಿ, ಕೂದಲು ಬಟ್ಟೆ ಎಳೆದುಕೊಳ್ಳುವ ಭಯವೂ ಇಲ್ಲ. ಬೆಸ್ಕಾಂ ತಂತಿ ಹಾದುಹೋಗುವ ಕೆಳಗೆ ಪೂಲ್ ಇಡಲೇಬೇಡಿ.

ನೀರಿನಲ್ಲಿ ಉಳಿದಿರುವ ಕ್ಲೋರಿನ್ (ಫ್ರೀ ಕ್ಲೋರಿನ್) 1ರಿಂದ 3 ಪಿಪಿಎಂ, ಅಂದರೆ ಲೀಟರಿಗೆ 1ರಿಂದ 3 ಮಿಲಿಗ್ರಾಂ, ಹುಳಿ-ಕ್ಷಾರದ ಅಳತೆಯಾದ ಪಿಎಚ್ 7.2ರಿಂದ 7.8 ಇರಲಿ. ಇದನ್ನು ನೋಡುವ ಟೆಸ್ಟ್ ಸ್ಟ್ರಿಪ್ ಆನ್‌ಲೈನ್‌ನಲ್ಲಿ ಸಿಗುತ್ತದೆ. ಕ್ಲೋರಿನ್ ಹಾಕದೆ ವಾರಗಟ್ಟಲೆ ನೀರು ಬಿಟ್ಟರೆ ಡೆಂಗಿ ಸೊಳ್ಳೆ ಮೊಟ್ಟೆಯಿಂದ ರೆಕ್ಕೆ ಮೂಡಿ ಹಾರುವುದಕ್ಕೆ ಒಂದು ವಾರ ಹತ್ತು ದಿನ ಸಾಕು. 2024ರಲ್ಲಿ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗ ಅಂತ ಘೋಷಿಸಿ, ಸೊಳ್ಳೆ ಬೆಳೆಯಲು ಬಿಟ್ಟ ಮನೆಗೆ ನಗರದಲ್ಲಿ 400, ಹಳ್ಳಿಯಲ್ಲಿ 200 ರೂಪಾಯಿ ದಂಡ ಇಟ್ಟಿತು. ಮೇಲೆ ಹೊದಿಸುವ ತೆಳು ಶೀಟಿನ ಮೇಲೂ ಮಳೆನೀರು ನಿಲ್ಲುತ್ತದೆ, ಅದನ್ನೂ ಚೆಲ್ಲಿ. ಆ ಶೀಟು ಕಸ ತಡೆಯುವುದಕ್ಕೆ, ಮಗುವನ್ನು ತಡೆಯುವುದಕ್ಕಲ್ಲ. ಅದರ ಮೇಲೆ ಕಾಲಿಟ್ಟ ಮಗು ಶೀಟಿನ ಅಡಿಗೆ ಸಿಕ್ಕಿಕೊಂಡರೆ ಹೊರಗಿನಿಂದ ಕಾಣುವುದೂ ಇಲ್ಲ. ಖಾಲಿ ಮಾಡುವಾಗ ಕ್ಲೋರಿನ್ ನಿಲ್ಲಿಸಿ ಕೆಲವು ದಿನ ಬಿಸಿಲಿಗೆ ಬಿಟ್ಟು, ಆಮೇಲೆ ತೆಂಗಿಗೋ ಗಿಡಕ್ಕೋ ಹಾಯಿಸಿ. ಸುಮ್ನೆ ಬೀದಿಗೆ ಬಿಡಬೇಡಿ.

ಗಂಟೆಗೆ ಇಷ್ಟು ಅಂತ ದುಡ್ಡು ತಗೊಂಡು ಬಡಾವಣೆ ಮಕ್ಕಳನ್ನು ಬಿಡುವ ಯೋಚನೆ ಇದ್ದರೆ ಅದು ಮನೆ ಪೂಲ್ ಅಲ್ಲ, ವ್ಯಾಪಾರ. ಉದ್ದಿಮೆ ಪರವಾನಗಿ, ಕಾವಲಿಗೆ ಈಜು ಬಲ್ಲವರು, ಬೇರೆಯೇ ಜವಾಬ್ದಾರಿ. ತೋಟದ ಮನೆಯಲ್ಲಿ ಫಾರ್ಮ್‌ಸ್ಟೇ ಮಾಡುವವರಿಗೂ ಇದೇ ಮಾತು. ಕೃಷಿ ಜಮೀನಿನಲ್ಲಿ ಅಂಥ ವ್ಯಾಪಾರಕ್ಕೆ ಮೊದಲು ಭೂ ಪರಿವರ್ತನೆ ಆಗಿರಬೇಕು.

ಮಗು ನೀರಲ್ಲಿ ಸಿಕ್ಕರೆ

ಬೇಲಿ ಎಷ್ಟೇ ಚೆನ್ನಾಗಿದ್ದರೂ ಮಕ್ಕಳು ನೀರಲ್ಲಿರುವಷ್ಟು ಹೊತ್ತು ಒಬ್ಬ ದೊಡ್ಡವರು ಕೈಗೆಟುಕುವ ದೂರದಲ್ಲಿ ಇರಬೇಕು. ಫೋನ್ ನೋಡುವುದಲ್ಲ. ಮುಳುಗುವ ಮಗು ಕೂಗುವುದಿಲ್ಲ, ಕೈ ಬೀಸುವುದಿಲ್ಲ, ಸದ್ದಿಲ್ಲದೆ ಕೆಳಗೆ ಹೋಗುತ್ತದೆ. ಹತ್ತು ಜನ ಕೂತಿದ್ದಾಗ ಎಲ್ಲರೂ ನೋಡುತ್ತಿದ್ದಾರೆ ಅಂತ ಯಾರೂ ನೋಡಿರುವುದಿಲ್ಲ. ಹೆಸರು ಹಿಡಿದು ಒಬ್ಬರಿಗೆ ವಹಿಸಿ, ಇಪ್ಪತ್ತು ನಿಮಿಷಕ್ಕೆ ಬದಲಾಯಿಸಿ.

ಮನೆಯಲ್ಲಿ ಮಗು ಕಾಣದಿದ್ದರೆ ಮಂಚದ ಕೆಳಗೆ, ಪಕ್ಕದ ಮನೆ ಎಲ್ಲ ಆಮೇಲೆ. ಮೊದಲು ಪೂಲ್ ನೋಡಿ, ಸಂಪು ನೋಡಿ.

ಎತ್ತಿದ ಮಗು ಉಸಿರಾಡದಿದ್ದರೆ ತಲೆಕೆಳಗೆ ಹಿಡಿದು ಗಿರಗಿರ ತಿರುಗಿಸುವುದು, ಹೊಟ್ಟೆ ಅದುಮಿ ನೀರು ತೆಗೆಯುವುದು, ವಾಟ್ಸಾಪಿನಲ್ಲಿ ಬರುವ ಹಾಗೆ ಉಪ್ಪಿನ ರಾಶಿಯಲ್ಲಿ ಮಲಗಿಸುವುದು, ಇವುಗಳಿಂದ ಹೋಗುವುದು ಸಮಯ ಮಾತ್ರ. ಗಟ್ಟಿ ನೆಲದ ಮೇಲೆ ಅಂಗಾತ ಮಲಗಿಸಿ, ತಲೆ ಸ್ವಲ್ಪ ಹಿಂದಕ್ಕೆ ಮಾಡಿ, ಮೂಗು ಮುಚ್ಚಿ, ಬಾಯಿಗೆ ಬಾಯಿಟ್ಟು ಮೊದಲು ಎರಡು ಸಲ ಉಸಿರು ಊದಿ. ಎದೆ ಏರಬೇಕು. ಆಮೇಲೆ ಎದೆಯ ನಡುವೆ 30 ಸಲ ಒತ್ತಿ, ಮತ್ತೆ ಎರಡು ಉಸಿರು. ಒತ್ತುವ ವೇಗ ನಿಮಿಷಕ್ಕೆ 100ರಿಂದ 120, ಮಗುವಾದರೆ ಆಳ ಸುಮಾರು 5 ಸೆಂ.ಮೀ., ಹಸುಗೂಸಿಗೆ 4. ಇನ್ನೊಬ್ಬರು 108ಕ್ಕೋ 112ಕ್ಕೋ ಫೋನ್ ಮಾಡಲಿ. ನೀವೊಬ್ಬರೇ ಇದ್ದರೆ ಎರಡು ನಿಮಿಷ ಹೀಗೆ ಮಾಡಿ, ಆಮೇಲೆ ಫೋನನ್ನು ಸ್ಪೀಕರಿನಲ್ಲಿ ಇಟ್ಟು ಮುಂದುವರಿಸಿ. ಇದನ್ನು ಓದಿ ಕಲಿಯುವುದಕ್ಕಿಂತ ರೆಡ್‌ಕ್ರಾಸ್‌ನವರೋ ಆಸ್ಪತ್ರೆಯವರೋ ತರಬೇತಿ ಕೊಡುವಾಗ ಬೊಂಬೆಯ ಮೇಲೆ ಒತ್ತಿ ನೋಡಿ ಕಲಿಯುವುದು ಒಳ್ಳೆಯದು. ಮಗು ಕೆಮ್ಮಿ ಎದ್ದು ಕೂತು ಅಳತೊಡಗಿದರೂ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಶ್ವಾಸಕೋಶಕ್ಕೆ ನೀರು ಹೋಗಿದ್ದರೆ ಉಸಿರಾಟದ ತೊಂದರೆ ಕೆಲವು ಗಂಟೆ ಬಿಟ್ಟೂ ಕಾಣಿಸಿಕೊಳ್ಳಬಹುದು, ವೈದ್ಯರು ಸಾಕು ಅನ್ನುವವರೆಗೆ ಅಲ್ಲೇ ಇರಿ.